ತುಕ್ಕು ಹಿಡಿದದ್ದು ಪೆಟ್ಟಿಗೆಯೊಳಗೆ, ದಂಡ ಕಟ್ಟಿದ್ದು ಹುಡುಗ

ಕಂಪೆನಿಯ ಡ್ರಿಲ್ ಮೆಷಿನ್‌ಗಳಿಗೆ ತುಕ್ಕು ಹಿಡಿಯಿತು. ದಂಡ ಕಟ್ಟಿದ್ದು ಸ್ಟೋರಿನ ಹುಡುಗ. ಎರಡು ಗ್ರೈಂಡರ್ ಕಾಣೆಯಾದವು. ಅದಕ್ಕೂ ದಂಡ ಕಟ್ಟಿದ್ದು ಅವನೇ. ತಿಂಗಳಿಗೆ 400 ರಿಯಾಲಿನಂತೆ ಆರು ತಿಂಗಳು, ಒಟ್ಟು 2,400 ರಿಯಾಲ್. ಅವನ ತಿಂಗಳ ಸಂಬಳ 1,500. ಆ ಕಡಿತವನ್ನು ಸಂಬಳದ ಪಟ್ಟಿಯಲ್ಲಿ ಟೈಪ್ ಮಾಡಿದ ಕೈ ಬೇರೆ ಯಾರದ್ದೂ ಅಲ್ಲ, ನಮ್ಮದೇ.

ನಾವೆಂದರೆ ಅಕೌಂಟ್ಸ್‌ನವರು. ಊರಿನಲ್ಲಿ ಬಿ.ಕಾಂ. ಮುಗಿಸಿ, ಇಲ್ಲಿ ಏಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು. ಸೈಟಿನ ಧೂಳು ನಮ್ಮ ಅಂಗಿಗೆ ತಾಗುವುದಿಲ್ಲ. ಮೇಲಿನಿಂದ ಒಂದು ಕಾಗದ ಬರುತ್ತದೆ, ಅದರಲ್ಲಿ ಒಂದು ಹೆಸರು, ಒಂದು ಮೊತ್ತ, ಒಂದು ಸಹಿ. ನಾವು ಟೈಪ್ ಮಾಡುತ್ತೇವೆ. ಲೆಕ್ಕ ತಾಳೆಯಾಯಿತೆಂದು ಸಮಾಧಾನಪಡುತ್ತೇವೆ. ಈ ಲೇಖನ ಮೊದಲು ನಮ್ಮ ಮೇಲೆಯೇ ಬರೆದ ಆರೋಪಪಟ್ಟಿ. ಆಮೇಲೆ ಕಂಪೆನಿ ನಡೆಸುವ ನಮ್ಮವರ ಮೇಲೆ.

ವಿಷಯ ಒಂದು ಕಬ್ಬಿಣದ ಪೆಟ್ಟಿಗೆಯದ್ದು. ದಮ್ಮಾಮ್, ಜುಬೈಲ್, ಯಾವ ಕಡೆ ಹೋದರೂ ಸೈಟ್ ಶುರುವಾಗುವ ಮೊದಲು ಬಂದು ಕೂರುವುದು ಒಂದು ಹಳೆಯ ಕಂಟೇನರ್. ಸಮುದ್ರದಲ್ಲಿ ಹತ್ತು ಹದಿನೈದು ವರ್ಷ ದುಡಿದು ಸುಸ್ತಾದ ಪೆಟ್ಟಿಗೆ. ಯಾರ್ಡಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನು ಆರಿಸಿ, ಕ್ರೇನಿನಲ್ಲಿ ಇಳಿಸಿ, ಒಂದು ಬೀಗ ಜಡಿದರೆ ಸ್ಟೋರ್ ರೆಡಿ. ಅದರೊಳಗೆ ಒಬ್ಬ ಹುಡುಗನನ್ನು ಕೂರಿಸಿ, "ಇನ್ನು ಎಲ್ಲ ನಿನ್ನ ಜವಾಬ್ದಾರಿ" ಎಂದು ಹೇಳಿಬಿಟ್ಟರೆ ಮುದೀರನ ಕೆಲಸ ಮುಗಿಯಿತು.

ನಾವು ಹೇಳುತ್ತಿರುವ ಹುಡುಗ ಬಂಟ್ವಾಳದ ಕಡೆಯವನು. ಸೆಪ್ಟೆಂಬರಿನಲ್ಲಿ ಏನೋ ಬಿಲ್ಲಿನ ತಕರಾರಿನಿಂದ ಸೈಟ್ ಎರಡು ವಾರ ಬಂದ್ ಆಯಿತು. ಮತ್ತೆ ಬಾಗಿಲು ತೆರೆದಾಗ ಒಳಗಿನ ರಟ್ಟಿನ ಪೆಟ್ಟಿಗೆಗಳು ಮುಟ್ಟಿದರೆ ಹರಿಯುವಷ್ಟು ಮೆತ್ತಗಾಗಿದ್ದವು. ಡ್ರಿಲ್ಲುಗಳ ಬಾಯಿಗೆ ಕೆಂಪು ತುಕ್ಕು. ವೆಲ್ಡಿಂಗ್ ರಾಡಿನ ಪ್ಯಾಕೆಟ್ಟುಗಳು ಒದ್ದೆ. ಎಣಿಸಿ ನೋಡಿದರೆ ಎರಡು ಗ್ರೈಂಡರ್ ಇಲ್ಲ. ಫೋರ್‌ಮನ್ ರಿಪೋರ್ಟ್ ಬರೆದ. ಮುದೀರ್ ಸಹಿ ಹಾಕಿದ. ನಾವು ಟೈಪ್ ಮಾಡಿದೆವು.

ಹುಡುಗ ನಮ್ಮ ಮೇಜಿನ ಮುಂದೆ ಬಂದು ನಿಂತ. ಹಣ ಕಡಿಮೆ ಮಾಡಿ ಎಂದು ಕೇಳುತ್ತಾನೆ ಎಂದುಕೊಂಡಿದ್ದೆವು. ಅವನು ಕೇಳಿದ್ದು ಬೇರೆ. "ಸ್ಲಿಪ್ಪಿನಲ್ಲಿ ಎಂತ ಬರೆದಿದ್ದೀರಿ ಸಾರ್?" "ನಷ್ಟ ವಸೂಲಿ" ಎಂದೆವು. "ಕದ್ದದ್ದು ಎಂದು ಬರ್ದಿಲ್ಲ ಅಲ್ವಾ?" ಎಂದ. ಅವನ ರೂಮಿನಲ್ಲಿ ಆರು ಜನ, ಆರರಲ್ಲಿ ನಾಲ್ವರು ಒಂದೇ ಊರಿನವರು. ಇಲ್ಲಿ ರಾತ್ರಿ ಊಟಕ್ಕೆ ಕೂತಾಗ ಆಡಿದ ಮಾತು ಬೆಳಗಾಗುವುದರೊಳಗೆ ಊರಿನ ಮಸೀದಿಯ ಅಂಗಳದಲ್ಲಿರುತ್ತದೆ. ಅವನಿಗೆ 2,400 ರಿಯಾಲಿಗಿಂತ ಆ ಒಂದು ಶಬ್ದದ ಹೆದರಿಕೆ ದೊಡ್ಡದಾಗಿತ್ತು. ಆರು ತಿಂಗಳ ಕಡಿತ ಮುಗಿದ ಕೂಡಲೇ ಅವನು ಎಕ್ಸಿಟ್ ಹೊಡೆದು ಊರಿಗೆ ಹೋದ.

ಕಥೆ ಅಲ್ಲಿಗೇ ಮುಗಿದಿದ್ದರೆ ನಾವೂ ಮರೆಯುತ್ತಿದ್ದೆವೋ ಏನೋ. ಮುಂದಿನ ವರ್ಷ ಅದೇ ಪೆಟ್ಟಿಗೆಯನ್ನು ಇನ್ನೊಂದು ಸೈಟಿಗೆ ಸಾಗಿಸಿದರು. ಈ ಸಲ ಸ್ಟೋರ್ ಕೀಪರ್ ಬೇರೆ, ಹನ್ನೆರಡು ವರ್ಷ ಅನುಭವ ಇದ್ದ ಮಲಯಾಳಿ ಹಿರಿಯ. ಸೆಪ್ಟೆಂಬರ್ ಬಂತು. ಅದೇ ರಟ್ಟು ಮೆತ್ತಗಾಯಿತು, ಅದೇ ಕೆಂಪು ತುಕ್ಕು ಬಂತು. ಮನುಷ್ಯ ಬದಲಾಗಿದ್ದ, ಪೆಟ್ಟಿಗೆ ಬದಲಾಗಿರಲಿಲ್ಲ. ಇಷ್ಟು ಸರಳ ಲೆಕ್ಕ ಅರ್ಥವಾಗಲು ನಮಗೆ ಒಂದು ವರ್ಷ ಬೇಕಾಯಿತು.

ಹಡಗಿನ ಪೆಟ್ಟಿಗೆ ಗೋಡೌನ್ ಅಲ್ಲ

"ಸಮುದ್ರದ ಮೇಲೆ ಅಲೆ ಹೊಡೆದರೂ ಒಳಗೆ ನೀರು ಹೋಗದ ಪೆಟ್ಟಿಗೆ ಮಾರಾಯ್ರೇ, ಮರುಭೂಮಿಯಲ್ಲಿ ಒದ್ದೆಯಾಗುತ್ತದೆಯಾ?" ಎಂದು ಮಾಲೀಕರು ನಗುತ್ತಾರೆ. ಈ ನಗುವಿಗೆ ಉತ್ತರ ಕೊಡಬೇಕಾದರೆ ಆ ಪೆಟ್ಟಿಗೆ ಯಾತಕ್ಕೆ ಹುಟ್ಟಿತು ಎಂದು ನೋಡಬೇಕು.

1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಹೊರಡಿಸಿದವನು ಮಾಲ್ಕಂ ಮೆಕ್ಲೀನ್, ಲಾರಿಗಳ ಮಾಲೀಕ. ಅದಕ್ಕೂ ಮೊದಲು ಮೂಟೆ, ಪೀಪಾಯಿ, ಪೆಟ್ಟಿಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಹೊತ್ತು ಇಳಿಸಿ ಹತ್ತಿಸಬೇಕಿತ್ತು. ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿಗಳಿಗೆ ಸಾಮಾನು ತುಂಬುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಕೈ ಮುಟ್ಟಿದ ಸಾಮಾನಿನಲ್ಲಿ ಒಂದಷ್ಟು ಒಡೆಯುತ್ತದೆ, ಒಂದಷ್ಟು ಕಾಣೆಯಾಗುತ್ತದೆ. ಕಂಟೇನರಿನ ಉಪಾಯ ಎಂದರೆ, ತುಂಬುವಲ್ಲಿ ಒಮ್ಮೆ ಮುಚ್ಚು, ಇಳಿಸುವಲ್ಲಿ ಒಮ್ಮೆ ತೆರೆ, ನಡುವೆ ಯಾರೂ ಮುಟ್ಟಬೇಡ.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಹಡಗಿನಲ್ಲಿ ಆ ಪೆಟ್ಟಿಗೆಯನ್ನು ಕಾಯುವುದು ಕಬ್ಬಿಣ ಮಾತ್ರ ಅಲ್ಲ. ಬಾಗಿಲಿಗೆ ಹಾಕಿದ ಸೀಲಿಗೆ ಒಂದು ನಂಬರ್ ಉಂಟು, ಆ ನಂಬರ್ ಕಾಗದದಲ್ಲಿ ಬರೆದಿರುತ್ತದೆ. ತಲುಪಿದಾಗ ನಂಬರ್ ತಾಳೆಯಾಗಬೇಕು. ಆಗದಿದ್ದರೆ ಯಾರೋ ನಡುವೆ ತೆರೆದಿದ್ದಾರೆ ಎಂದು ಅರ್ಥ. ಎಂದರೆ ಕಾವಲು ಇರುವುದು ಕಾಗದದಲ್ಲಿ. ಎರಡು, ಅದು ಪ್ರಯಾಣಕ್ಕಾಗಿ ಮುಚ್ಚಿಡುವ ಪೆಟ್ಟಿಗೆ. ನಾವು ಅದನ್ನು ಸೈಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತೇವೆ, ಬಿಸಿಲಲ್ಲಿ ವರ್ಷಗಟ್ಟಲೆ ನಿಲ್ಲಿಸುತ್ತೇವೆ, ಸೀಲ್ ಕಿತ್ತು ಬಿಸಾಡಿ ಅದರ ಜಾಗಕ್ಕೆ ಇಪ್ಪತ್ತು ರಿಯಾಲಿನ ಬೀಗ ಹಾಕುತ್ತೇವೆ. ಕಬ್ಬಿಣ ಉಳಿಯಿತು, ಅದನ್ನು ಭದ್ರ ಮಾಡಿದ್ದ ಪದ್ಧತಿ ಹೋಯಿತು. ಆ ಪದ್ಧತಿಯ ಜಾಗದಲ್ಲಿ ನಾವು ಒಬ್ಬ ಹುಡುಗನನ್ನು ನಿಲ್ಲಿಸಿದ್ದೇವೆ.

ನೀರು ಎಲ್ಲಿಂದ ಬಂತು?

ಮಳೆ ಇಲ್ಲದ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಯೊಳಗೆ ನೀರು ಹೇಗೆ ಬಂತು ಎಂದು ಫೋರ್‌ಮನ್ ಹುಡುಗನನ್ನೇ ಕೇಳಿದ್ದ. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಬಾಗಿಲು ಸರಿಯಾಗಿ ಹಾಕದೆ ಹೋಗಿದ್ದಾನೆ ಎಂದು ರಿಪೋರ್ಟ್ ಆಯಿತು.

ಉತ್ತರ ಗಾಳಿಯಲ್ಲೇ ಉಂಟು. ಆಗಸ್ಟ್, ಸೆಪ್ಟೆಂಬರಿನಲ್ಲಿ ಈ ಕರಾವಳಿಯ ರಾತ್ರಿ ಹೇಗಿರುತ್ತದೆ ಎಂದು ಇಲ್ಲಿರುವವರಿಗೆ ಹೇಳಬೇಕಾ? ರೂಮಿನಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. 35 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 40 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿ 25 ಡಿಗ್ರಿಗೆ ತಣಿದರೆ ಹಿಡಿದುಕೊಳ್ಳುವುದು ಸುಮಾರು 23 ಗ್ರಾಂ ಮಾತ್ರ. ಉಳಿದದ್ದು ನೀರಾಗಿ ಎಲ್ಲಾದರೂ ಕೂರಲೇಬೇಕು. 20 ಅಡಿಯ ಕಂಟೇನರಿನ ಒಳಗೆ ಹಿಡಿಯುವ ಗಾಳಿ ಸುಮಾರು 33 ಘನ ಮೀಟರ್. ತೇವ ತುಂಬಿದ ಗಾಳಿ ಅಷ್ಟು ತಣಿದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು, ಒಂದೇ ರಾತ್ರಿಯಲ್ಲಿ. ಒದ್ದೆ ಹಗ್ಗ, ಹಸಿ ಮರ, ತೊಳೆದ ಟಾರ್ಪಾಲ್ ಒಳಗಿಟ್ಟಿದ್ದರೆ ಇನ್ನೂ ಜಾಸ್ತಿ. ತೆಳು ತಗಡಿನ ಮಾಡು ಆಕಾಶಕ್ಕೆ ಮುಖ ಮಾಡಿ ಎಲ್ಲಕ್ಕಿಂತ ಮೊದಲು ತಣಿಯುತ್ತದೆ. ನೀರು ಅಲ್ಲಿ ಕಟ್ಟಿ, ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಹಡಗಿನವರು ಇದನ್ನು ಕಂಟೇನರ್ ಮಳೆ ಎಂದೇ ಕರೆಯುತ್ತಾರೆ. ಹೊರಗೆ ಆಕಾಶ ನಿರ್ಮಲ, ಒಳಗೆ ಮಳೆ.

ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಗಾಳಿಕಿಂಡಿ ಇರುತ್ತದಲ್ಲ ಎನ್ನಬಹುದು. ಇರುತ್ತದೆ, ಒಂದೋ ಎರಡೋ. ಅದು ಒಳಗಿನ ಹೊರಗಿನ ಒತ್ತಡ ಸರಿದೂಗಿಸಲಿಕ್ಕೆ ಮಾತ್ರ ಸಾಕು, ಗಾಳಿ ಆಡಲಿಕ್ಕೆ ಸಾಲದು. ಕಂಪೆನಿಯ ಬಣ್ಣ ಹೊಡೆಯುವಾಗ ಎಷ್ಟೋ ಕಡೆ ಅದೂ ಮುಚ್ಚಿಹೋಗಿರುತ್ತದೆ.

ಇನ್ನೊಂದು ದಾರಿ ಕೆಳಗಿನದ್ದು. ಪೆಟ್ಟಿಗೆಯ ನೆಲ ಸುಮಾರು 28 ಮಿಲಿಮೀಟರ್ ದಪ್ಪದ ಪ್ಲೈವುಡ್, ಅದರ ಕೆಳಗೆ ಕಬ್ಬಿಣದ ಅಡ್ಡಪಟ್ಟಿಗಳು. ಅದನ್ನು ನೇರ ಮಣ್ಣಿನ ಮೇಲೆ ಕೂರಿಸಿದರೆ ಚಳಿಗಾಲದ ನಾಲ್ಕು ಮಳೆಗೆ ತಗ್ಗಿನಲ್ಲಿ ನಿಂತ ನೀರು ಕೆಳಗಿನಿಂದ ಏರುತ್ತದೆ. ನೆಲ ಸಮ ಇಲ್ಲದಿದ್ದರೆ ಪೆಟ್ಟಿಗೆ ಸೊಟ್ಟಗಾಗುತ್ತದೆ, ಬಾಗಿಲು ಹಿಡಿಯುತ್ತದೆ. ಹುಡುಗರು ಕಬ್ಬಿಣದ ಸರಳು ಹಾಕಿ ಮೀಟಿ ತೆರೆಯುತ್ತಾರೆ. ಬಾಗಿಲ ಸುತ್ತಲಿನ ರಬ್ಬರ್ ಹರಿಯುತ್ತದೆ. ಆಮೇಲೆ ಮಳೆ, ಧೂಳು ಎರಡೂ ಒಳಗೆ. "ಬಾಗಿಲು ಹಾಳು ಮಾಡಿದ" ಎಂದು ಅದಕ್ಕೂ ಒಂದು ರಿಪೋರ್ಟ್.

ನಮ್ಮ ಊರಿನ ಹಳಬರಿಗೆ ಈ ವಿದ್ಯೆ ಗೊತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುವ ಮನೆಗಳಲ್ಲಿ ಅವರು ಅಕ್ಕಿ ಕೆಡದಂತೆ ಇಟ್ಟವರು. ಬೈಹುಲ್ಲಿನ ಮುಡಿ ಕಟ್ಟಿದರು, ಉಸಿರಾಡಲಿ ಎಂದು. ಮುಡಿಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಟ್ಟರು. ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಒಣ ಸಾಮಾನು ಇಟ್ಟರು. ಅಕ್ಕಿ ಮುಗ್ಗಿದರೆ ಮನೆಯ ಕೆಲಸದವಳ ಕೂಲಿ ಹಿಡಿಯಲಿಲ್ಲ, ಹಲಗೆ ಎತ್ತರಿಸಿದರು. ಓದಿಲ್ಲದ ನಮ್ಮ ಉಮ್ಮಂದಿರಿಗೆ ಗೊತ್ತಿದ್ದದ್ದು ಪದವಿ ಪಡೆದ ನಮಗೆ ಯಾಕೆ ಗೊತ್ತಾಗಲಿಲ್ಲ?

ಒಂದು ಬೀಗ, ಮೂರು ಕೀ

ಈಗ ಕಾಣೆಯಾದ ಗ್ರೈಂಡರಿಗೆ ಬರೋಣ. ಆ ಪೆಟ್ಟಿಗೆಯ ಬೀಗಕ್ಕೆ ಮೂರು ಕೀ ಇದ್ದವು. ಒಂದು ಹುಡುಗನ ಹತ್ತಿರ, ಒಂದು ಫೋರ್‌ಮನ್ ಹತ್ತಿರ, ಒಂದು ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿನ ಮೊಳೆಯಲ್ಲಿ. ರಾತ್ರಿ ಶಿಫ್ಟಿನವರಿಗೆ ಸಾಮಾನು ಬೇಕಾದರೆ ಮೊಳೆಯಿಂದ ಕೀ ತೆಗೆಯುತ್ತಿದ್ದರು. ಬರೆದಿಡಲು ಪುಸ್ತಕ ಇರಲಿಲ್ಲ. ಹುಡುಗ ಕೇಳಿದಾಗ "ಮಾಫಿ ಮುಶ್ಕಿಲ, ಬೆಳಿಗ್ಗೆ ತಂದಿಡುತ್ತಾರೆ" ಎಂದಿದ್ದರಂತೆ. ಗ್ರೈಂಡರ್ ಯಾರು ತೆಗೆದರೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದಂತೆ ವ್ಯವಸ್ಥೆ ಮಾಡಿದವರು ನಾವೇ.

ಬ್ಯಾಂಕಿನಲ್ಲಿ ಕ್ಯಾಶಿಯರನ ಪೆಟ್ಟಿಗೆಗೆ ಮೂರು ಜನ ಕೈ ಹಾಕಿ, ಸಂಜೆ ಹಣ ಕಡಿಮೆಯಾದರೆ ಕ್ಯಾಶಿಯರ್ ಒಬ್ಬನಿಂದ ವಸೂಲಿ ಮಾಡಲು ಆಗುತ್ತದೆಯೇ? ನಮ್ಮ ಅಕೌಂಟ್ಸ್ ರೂಮಿನ ಸಣ್ಣ ಖರ್ಚಿನ ಡಬ್ಬಿಗೆ ನಾವು ಹೀಗೆ ಮಾಡಲು ಬಿಡುತ್ತೇವೆಯೇ? ಅದರ ಕೀ ಒಬ್ಬನ ಹತ್ತಿರ, ವೋಚರ್ ಇಲ್ಲದೆ ಐದು ರಿಯಾಲ್ ಸಹ ಹೊರಗೆ ಹೋಗುವುದಿಲ್ಲ. ಐನೂರು ರಿಯಾಲಿನ ಡಬ್ಬಿಗೆ ಇಷ್ಟು ಜಾಗ್ರತೆ. ಐವತ್ತು ಸಾವಿರದ ಸಾಮಾನು ಇರುವ ಪೆಟ್ಟಿಗೆಗೆ ಮೊಳೆಯಲ್ಲಿ ನೇತಾಡುವ ಕೀ. ಅಮಾನತ್ ಎಂಬ ಶಬ್ದವನ್ನು ನಾವು ಸಂಘದ ಸಭೆಗಳಲ್ಲಿ ಎಷ್ಟು ಸಲ ಹೇಳುತ್ತೇವೆ! ಅಮಾನತ್ ಒಪ್ಪಿಸುವವನಿಗೂ ಜವಾಬ್ದಾರಿ ಉಂಟು. ಎಣಿಸದೆ ಒಪ್ಪಿಸಿ, ಬೇರೆಯವರಿಗೂ ಕೀ ಕೊಟ್ಟು, ಕೊನೆಗೆ ಒಬ್ಬನನ್ನೇ ಹಿಡಿಯುವುದು ಅಮಾನತ್ ಅಲ್ಲ, ಬಲೆ.

ನಮ್ಮ ಪುಸ್ತಕದಲ್ಲಿ ಏನಾಯಿತು?

ನಾವು ಲೆಕ್ಕದವರು, ಲೆಕ್ಕದ ಮಾತನ್ನೇ ಹೇಳೋಣ. ಆ ಡ್ರಿಲ್ಲುಗಳು, ಗ್ರೈಂಡರುಗಳು ನಾಲ್ಕು ವರ್ಷ ಹಳೆಯವು. ವರ್ಷ ವರ್ಷ ಸವಕಳಿ ಎಂದು ಅವುಗಳ ಬೆಲೆಯನ್ನು ನಾವು ಖರ್ಚಿಗೆ ಬರೆದು ಇಳಿಸುತ್ತಾ ಬಂದಿದ್ದೆವು. ಹುಡುಗನ ಮೇಲೆ ರಿಪೋರ್ಟ್ ಆದ ದಿನ ಆಸ್ತಿ ಪಟ್ಟಿಯಲ್ಲಿ ಎಲ್ಲ ಸೇರಿ ಉಳಿದಿದ್ದ ಬೆಲೆ 340 ರಿಯಾಲ್. ವಸೂಲಿ ಮಾಡಿದ್ದು ಅಂಗಡಿಯಿಂದ ಹೊಸ ಕೊಟೇಶನ್ ತರಿಸಿ, 2,400. ಮಿಕ್ಕ 2,060 ರಿಯಾಲನ್ನು ಯಾವ ಖಾತೆಗೆ ಹಾಕಿದೆವು ಗೊತ್ತುಂಟಾ? "ಇತರ ಆದಾಯ." ಒಬ್ಬ ಕೂಲಿ ಹುಡುಗನ ಸಂಬಳದಿಂದ ಕಂಪೆನಿಗೆ ಆದಾಯ ಬಂತೆಂದು ನಮ್ಮ ಕೈಯಾರೆ ಬರೆದೆವು. ವರ್ಷದ ಕೊನೆಗೆ ಆಡಿಟರ್ ಟಿಕ್ ಹಾಕಿ ಹೋದರು.

ಕಾನೂನು ಏನು ಹೇಳುತ್ತದೆ? 2005ರ ಸೌದಿ ಕಾರ್ಮಿಕ ಕಾನೂನಿನ 91ನೇ ಕಲಂ ಓದಿ ನೋಡಿ. ನಷ್ಟ ಆದದ್ದು ಕೆಲಸಗಾರನ ತಪ್ಪಿನಿಂದ ಅಥವಾ ಸೂಚನೆ ಮೀರಿದ್ದರಿಂದ ಆಗಿರಬೇಕು. ಬೇರೆಯವರ ತಪ್ಪಿನಿಂದ ಆಗಿದ್ದರೆ ಅವನ ಸಂಬಳ ಮುಟ್ಟುವಂತಿಲ್ಲ. ತಪ್ಪು ಅವನದ್ದೇ ಆದರೂ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಆರೋಪವನ್ನೂ, ನಷ್ಟದ ಅಂದಾಜನ್ನೂ ಪ್ರಶ್ನಿಸುವ ಹಕ್ಕು ಅವನಿಗೆ ಉಂಟು. 1,500 ಸಂಬಳದವನಿಗೆ ದಿನಕ್ಕೆ 50, ಐದು ದಿನಕ್ಕೆ 250. ನಾವು ಹಿಡಿದದ್ದು 400. ಪ್ರತಿ ತಿಂಗಳು 150 ರಿಯಾಲ್ ಕಾನೂನಿಗೆ ಹೊರಗೆ, ಆರು ತಿಂಗಳಿಗೆ 900. ಇದು ಗೊತ್ತಿರಲಿಲ್ಲ ಎಂದು ನಾವು ಹೇಳಿದರೆ ಅದು ನೆಪ. ವ್ಯಾಟ್ ರಿಟರ್ನ್ ಒಂದು ದಿನ ತಡವಾದರೆ ದಂಡ ಎಷ್ಟು ಎಂದು ಬಾಯಿಪಾಠ ಹೇಳುವ ನಮಗೆ, ಬಡವನ ಸಂಬಳದ ಕಲಂ ಓದಲು ಮಾತ್ರ ಪುರುಸೊತ್ತು ಸಿಗಲಿಲ್ಲ. ಬೇರೆ ಗಲ್ಫ್ ದೇಶದಲ್ಲಿ ಇರುವವರು ಅಲ್ಲಿನ ಕಾನೂನನ್ನು ತೆರೆದು ನೋಡಲಿ.

ಮಾಲೀಕರ ಮೂರು ಮಾತು

ಕಂಪೆನಿ ನಡೆಸುವ ನಮ್ಮವರ ಜೊತೆ ಈ ವಿಷಯ ಎತ್ತಿದಾಗಲೆಲ್ಲ ಮೂರು ಮಾತು ಕೇಳುತ್ತೇವೆ.

ಮೊದಲನೆಯದು: "ಹಾಗಾದರೆ ಹುಡುಗರು ಕದಿಯುವುದೇ ಇಲ್ಲವಾ?" ಕದಿಯುವವರು ಇದ್ದಾರೆ. ನಮ್ಮವರಲ್ಲೂ ಇದ್ದಾರೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಳ್ಳನನ್ನು ಹಿಡಿಯಬೇಕಾದರೂ ಪುಸ್ತಕ ಬೇಕಲ್ಲ? ಒಂದು ಕೀ, ಒಂದು ರಿಜಿಸ್ಟರ್ ಇದ್ದರೆ ಕದ್ದವನು ಸಿಕ್ಕಿಬೀಳುತ್ತಾನೆ, ಕದಿಯದವನು ಬಚಾವಾಗುತ್ತಾನೆ. ಎರಡೂ ಇಲ್ಲದ ಕಡೆ ಕದ್ದವನಿಗೆ ಹಬ್ಬ, ಅಲ್ಲಿ ಕೂತವನಿಗೆ ಶಿಕ್ಷೆ.

ಎರಡನೆಯದು: "ಹೆದರಿಕೆ ಇಲ್ಲದಿದ್ದರೆ ಜಾಗ್ರತೆ ಇರುವುದಿಲ್ಲ." ನಾವು ನೋಡಿದ್ದು ತಲೆಕೆಳಗು. ಹೆದರಿದ ಹುಡುಗ ಮೊದಲ ದಿನವೇ ಬಂದು "ಮಾಡಿನಿಂದ ಹನಿ ಬೀಳುತ್ತಿದೆ" ಎಂದು ಹೇಳುವುದಿಲ್ಲ. ಹೇಳಿದರೆ ತನ್ನ ಕುತ್ತಿಗೆಗೇ ಬರುತ್ತದೆ ಎಂದು ಗೊತ್ತು. ಒದ್ದೆಯಾದ ವೆಲ್ಡಿಂಗ್ ರಾಡನ್ನು ಒರೆಸಿ ಹಾಗೆಯೇ ಕೊಟ್ಟುಬಿಡುತ್ತಾನೆ. ತೇವ ಹಿಡಿದ ರಾಡಿನ ಬೆಸುಗೆಯಲ್ಲಿ ತೂತು ಬರುತ್ತದೆ, ಬಿರುಕು ಬರುತ್ತದೆ. ಅದರ ಮೇಲೆ ನಾಳೆ ಯಾರೋ ನಿಲ್ಲುತ್ತಾರೆ. ಸಂಬಳದ ಹೆದರಿಕೆಯಿಂದ ಉಳಿದ ಬಾಯಿಮುಚ್ಚುವಿಕೆಗೆ ಇಷ್ಟು ದೊಡ್ಡ ಬೆಲೆ ತೆರಬೇಕಾಗಬಹುದು.

ಮೂರನೆಯದು: "ನಾವು ಸಣ್ಣವರು, ಇದಕ್ಕೆಲ್ಲ ದುಡ್ಡು ಎಲ್ಲಿಂದ?" ಈ ಮಾತಿಗೆ ನಮ್ಮ ಹತ್ತಿರ ಬಿಲ್ ಉಂಟು. ಎರಡನೇ ಸೆಪ್ಟೆಂಬರಿನ ನಂತರ ನಾವು ಹಟ ಹಿಡಿದು ಅದೇ ಪೆಟ್ಟಿಗೆಯನ್ನು ಸರಿ ಮಾಡಿಸಿದೆವು. ಖರ್ಚು 1,860 ರಿಯಾಲ್. ಹುಡುಗನಿಂದ ಕಿತ್ತದ್ದು 2,400. ಅವನನ್ನು ಹಿಂಡುವ ಬದಲು ಪೆಟ್ಟಿಗೆ ಸರಿಮಾಡಿದ್ದರೆ 540 ರಿಯಾಲ್ ಅಗ್ಗವಾಗುತ್ತಿತ್ತು, ಮುಂದಿನ ವರ್ಷದ ತುಕ್ಕೂ ತಪ್ಪುತ್ತಿತ್ತು.

ಮಾಡಿಸಿದ್ದು ಏನು?

ಮಹಾ ವಿದ್ಯೆ ಏನಲ್ಲ. ಪೆಟ್ಟಿಗೆಯ ಭಾರ ನಿಲ್ಲುವುದು ನಾಲ್ಕು ಮೂಲೆಗಳ ಮೇಲೆ. ನಾಲ್ಕು ಮೂಲೆಗೆ ಕಾಂಕ್ರೀಟ್ ಬ್ಲಾಕ್ ಕೊಟ್ಟು, ನೀರುಮಟ್ಟ ಹಿಡಿದು ಸಮ ಮಾಡಿಸಿದೆವು. ಹಿಡಿಯುತ್ತಿದ್ದ ಬಾಗಿಲು ಅವತ್ತೇ ಸರಾಗವಾಯಿತು. ಬಾಗಿಲಿನ ಹರಿದ ರಬ್ಬರ್ ಬದಲಿಸಿದೆವು. ಹಗಲಿನಲ್ಲಿ ಒಬ್ಬ ಒಳಗೆ ನಿಂತು ಬಾಗಿಲು ಮುಚ್ಚಿಸಿ, ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲೆಲ್ಲ ಗುರುತು ಹಾಕಿ ಬೆಸುಗೆ ಹಾಕಿಸಿದೆವು. ಆಗ ಇನ್ನೊಬ್ಬ ಹೊರಗೆ ಬಾಗಿಲ ಹತ್ತಿರವೇ ನಿಂತಿರಬೇಕು, ಯಾಕೆಂದರೆ ಈ ಬಾಗಿಲು ಒಳಗಿನಿಂದ ತೆರೆಯಲು ಬರುವುದಿಲ್ಲ. ಹಳೆಯ ಪೆಟ್ಟಿಗೆ ಕೊಳ್ಳುವಾಗಲೂ ಯಾರ್ಡಿನಲ್ಲೇ ಈ ಪರೀಕ್ಷೆ ಮಾಡಿ ನೋಡಿ.

ಮಾಡಿನ ಒಳಬದಿಗೆ ಶಾಖ ತಡೆಯುವ ಹಾಳೆ ಅಂಟಿಸಿ, ಹೊರಬದಿಗೆ ಬಿಳಿ ಬಣ್ಣ ಹೊಡೆಸಿದೆವು. ತೇವದ ಗಾಳಿಗೆ ತಣ್ಣನೆಯ ತಗಡು ತಾಗದಿದ್ದರೆ ಹನಿ ಕಟ್ಟುವುದಿಲ್ಲ. ಎದುರುಬದುರು ಗೋಡೆಗಳಲ್ಲಿ, ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ, ಜಾಲರಿ ಹಾಕಿದ ಗಾಳಿಕಿಂಡಿ ಕೊರೆಸಿದೆವು. ಸಾಮಾನು ನೆಲ ಬಿಟ್ಟು, ಗೋಡೆ ಬಿಟ್ಟು, ಕಬ್ಬಿಣದ ರ‍್ಯಾಕಿನ ಮೇಲೆ ಏರಿತು. ಡ್ರಿಲ್, ಮೀಟರ್, ವೆಲ್ಡಿಂಗ್ ರಾಡುಗಳಿಗೆ ಮುಚ್ಚುವ ಕಪಾಟು, ಅದರೊಳಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ. ನೀರು ತುಂಬಿದ ಚೀಲ ಬದಲಿಸಬೇಕು, ಬದಲಿಸಿದ ತಾರೀಕು ಬರೆಯಬೇಕು. ಪೆಟ್ರೋಲ್, ತಿನ್ನರ್, ಗ್ಯಾಸ್ ಸಿಲಿಂಡರ್ ಪೆಟ್ಟಿಗೆಯಿಂದ ಹೊರಗೆ, ನೆರಳಿನ ಜಾಲರಿ ಶೆಡ್ಡಿಗೆ. ಬಿಸಿಲಿಗೆ ಕಾದ ಮುಚ್ಚಿದ ಪೆಟ್ಟಿಗೆಯಲ್ಲಿ ಅವುಗಳ ಆವಿ ಕಟ್ಟಿದರೆ ಒಂದು ಕಿಡಿ ಸಾಕು.

ಬೀಗಕ್ಕೆ ಕಟ್ಟರ್ ತಾಗದಂತೆ ಬಾಗಿಲ ಮೇಲೆ ಉಕ್ಕಿನ ಡಬ್ಬಿ ಬೆಸುಗೆ ಹಾಕಿಸಿದೆವು. ಕೀ ಒಂದೇ, ಸ್ಟೋರ್ ಕೀಪರನ ಹತ್ತಿರ. ಎರಡನೆಯದು ಸಹಿ ಮಾಡಿ ಮುಚ್ಚಿದ ಲಕೋಟೆಯಲ್ಲಿ ಆಫೀಸಿನ ತಿಜೋರಿಯೊಳಗೆ. ಅದನ್ನು ತೆಗೆದರೆ ತೆಗೆದವನ ಹೆಸರು, ಗಂಟೆ, ಕಾರಣ ಬರೆಯಬೇಕು. ಹಡಗಿನವರ ಸೀಲ್ ನಂಬರ್ ಇದ್ದ ಹಾಗೆಯೇ ಇದು.

ಕೊನೆಯ ಕೆಲಸ, ಸ್ಟೋರ್ ಕೀಪರನ ಮೇಜನ್ನು ಪೆಟ್ಟಿಗೆಯ ಒಳಗಿಂದ ಹೊರಗೆ ತಂದು ನೆರಳು ಮಾಡಿಕೊಟ್ಟೆವು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಸರಕಾರದ ನಿಯಮ ಉಂಟು. ಆ ಹೊತ್ತಿನಲ್ಲಿ ಹೊರಗಿಗಿಂತ ಹೆಚ್ಚು ಕಾಯುವ ತಗಡಿನ ಪೆಟ್ಟಿಗೆಯೊಳಗೆ ಒಬ್ಬನನ್ನು ಕೂರಿಸಿ, "ಇವನು ನೆರಳಲ್ಲಿದ್ದಾನೆ" ಎಂದು ಬರೆದುಕೊಳ್ಳುವುದು ಯಾವ ನ್ಯಾಯ? ಪೆಟ್ಟಿಗೆ ಸಾಮಾನಿಗೆ ಇರುವುದು, ಮನುಷ್ಯನಿಗೆ ಅಲ್ಲ.

ಸ್ಟೋರಿನ ಕೆಲಸಕ್ಕೆ ಸೇರುವ ತಮ್ಮಂದಿರಿಗೂ ಒಂದು ಮಾತು. ಎಣಿಸದೆ ಸಹಿ ಹಾಕಬೇಡಿ. ಹೋಗುವವನ ಎದುರಿನಲ್ಲೇ ಎಣಿಸಿ, ಸಾಮಾನಿನ ಸ್ಥಿತಿ ಸಹ ಬರೆಯಿರಿ. ಮಾಡು, ನೆಲ, ಬಾಗಿಲು, ಬೀಗ, ನಾಲ್ಕರ ಫೋಟೋ ತೆಗೆದಿಡಿ. ಎಷ್ಟು ಕೀ ಉಂಟು ಎಂದು ಕೇಳಿ. ಹನಿ ಬಿದ್ದ ದಿನವೇ ಫೋರ್‌ಮನ್‌ಗೆ ವಾಟ್ಸ್ಯಾಪ್ ಮೆಸೇಜ್ ಹಾಕಿ, ಅಳಿಸದೆ ಇಟ್ಟುಕೊಳ್ಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮೊದಲು ಓದಿ ಹೇಳುವವರನ್ನು ಹುಡುಕಿ. ಸಂಬಳ ಹಿಡಿದರೆ "ಖಲ್ಲಿವಲ್ಲಿ, ಹೋಗಲಿ" ಎಂದು ಬಿಡಬೇಡಿ, ತಡವೂ ಮಾಡಬೇಡಿ. ದೂರು ಕೊಡಲು ಕಾಲಮಿತಿ ಇರುತ್ತದೆ. ನಮ್ಮಂಥ ಅಕೌಂಟ್ಸ್‌ನವರು ಪ್ರತಿ ಸಂಘದಲ್ಲೂ ಇಬ್ಬರು ಮೂವರು ಇದ್ದೇವೆ. ಕಾಗದ ತನ್ನಿ, ಓದಿ ಹೇಳುವುದು ನಮ್ಮ ಸಾಲ, ಉಪಕಾರ ಅಲ್ಲ.

ಬಂಟ್ವಾಳದ ಆ ಹುಡುಗನಿಗೆ ಕಂಪೆನಿ ಹಣ ವಾಪಸ್ ಕೊಡಲಿಲ್ಲ. ಪೆಟ್ಟಿಗೆ ಸರಿ ಮಾಡಿಸಿದ ವರ್ಷ ನಾವು ಅವನಿಗೆ ಫೋನ್ ಮಾಡಿ, ತಪ್ಪು ನಿನ್ನದಲ್ಲ, ಪೆಟ್ಟಿಗೆಯದ್ದು ಎಂದು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದನ್ನು ನನ್ನ ರೂಮಿನವರಿಗೂ ಹೇಳ್ತೀರಾ ಸಾರ್?" ಎಂದು ಕೇಳಿದ. ಹೇಳಿದೆವು. ಒಬ್ಬೊಬ್ಬರಿಗೂ ಹೇಳಿದೆವು. ಹೇಳಲು ಒಂದೂವರೆ ವರ್ಷ ತಡವಾಗಿತ್ತು.

ಲೆಕ್ಕದ ಮೇಜಿನಲ್ಲಿ ಕೂತ ನಮ್ಮ ಜೊತೆಯವರೇ, ಈ ತಿಂಗಳ ಕೊನೆಗೂ ನಿಮ್ಮ ಮುಂದೆ ಅಂಥದ್ದೊಂದು ಕಾಗದ ಬರಬಹುದು. ಟೈಪ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಆ ಸ್ಟೋರಿಗೆ ಎಷ್ಟು ಕೀ ಉಂಟು? ಸಾಮಾನು ಹೊರಗೆ ಹೋದದ್ದು ಯಾವ ಪುಸ್ತಕದಲ್ಲಿ ಬರೆದಿದೆ? ಅದರ ಮಾಡಿನಿಂದ ಹನಿ ಬೀಳುತ್ತದೆಯೇ? ಮುದೀರ್ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಈ ಮೂರಕ್ಕೂ ಉತ್ತರ ಬರುವವರೆಗೆ ಆ ಹುಡುಗನ ಹೆಸರಿನ ಮುಂದೆ ಕಡಿತದ ಕಾಲಂ ಖಾಲಿಯೇ ಇರಲಿ.